ಹಸುಗೂಸು ಹಾಲು ಕಕ್ಕಿದಾಗ

ಚೊಚ್ಚಲ ಬಾಣಂತಿಯನ್ನು ಕಳವಳಕ್ಕೀಡುಮಾಡುವ ಸಂಗತಿಗಳಲ್ಲಿ, ಹೊಟ್ಟೆ ತುಂಬ ಹಾಲುಂಡ ಕೂಸು ತುಸು ಹೊತ್ತಿನಲ್ಲೇ ಕಟವಾಯಿಯಿಂದ ಒಡಕು ಹಾಲನ್ನು ಹರಿಸಿಬಿಡುವುದು ಮುಖ್ಯವಾದುದು. ಕುಡಿದುದೆಲ್ಲ ಹೊರಬಿದ್ದಿತೆಂದು ಆಕೆ ಮರುಗುವಳಾದರೂ, ಒಂದೆರಡು ಚಮಚೆಯ ಹಾಲು ಬಟ್ಟೆಯ ಮೇಲೆ ಹರಡಿದಾಗ ಇದ್ದುದಕ್ಕಿಂತ ಬಹಳವಾಗಿ ತೋರುವುದು ಸಹಜ.

ಅನ್ನನಾಳವು ಜಠರವನ್ನು ಕೂಡುವೆಡೆಯಲ್ಲಿ, ಇಳಿದ ಆಹಾರವನ್ನು ಹಿಂದಿರುಗಗೊಡದ ಸ್ನಾಯುವಲಯವೊಂದುಂಟು. ಶೈಶವದಲ್ಲಿ ಅದಿನ್ನೂ ಬಲಿಯದೆ ಆಗಾಗ ಸಡಿಲಗೊಳ್ಳುವುದರಿಂದಲೂ, ಆಹಾರವೆಲ್ಲ ದ್ರವವೇ ಆಗಿ ಕೂಸು ದಿನದ ಬಹುಭಾಗ ಮಲಗಿಯೇ ಇರುವುದರಿಂದಲೂ ಹಾಲು ಸುಲಭವಾಗಿ ಮೇಲೇರುತ್ತದೆ. 3 ತಿಂಗಳೊಳಗಿನ ಕೂಸುಗಳಲ್ಲಿ ಸುಮಾರು ಅರ್ಧದಷ್ಟು ದಿನಕ್ಕೊಮ್ಮೆಯಾದರೂ ಕಕ್ಕುತ್ತವೆ. 4ನೆಯ ತಿಂಗಳ ಸುಮಾರಿಗೆ ಇದು ಹೆಚ್ಚಿ, ವರ್ಷ ತುಂಬುವ ವೇಳೆಗೆ ಬಹುಪಾಲು ತಾನಾಗಿಯೇ ನಿಲ್ಲುತ್ತದೆ.

ಪೂರ್ಣವಾಗಿ ತಡೆಯಲಾಗದಿದ್ದರೂ ತಗ್ಗಿಸಲು ಸಾಧ್ಯ. ಹಸಿದು ಅತ್ತು ಕಂಗೆಟ್ಟ ಕೂಸು ಹಾಲಿನೊಡನೆ ಗಾಳಿಯನ್ನೂ ನುಂಗುವುದರಿಂದ, ಅದು ಮುಷ್ಟಿ ಚೀಪುತ್ತ ಬಾಯಾಡಿಸತೊಡಗಿದಾಗಲೇ ಎದೆಗೆ ಹಚ್ಚಿಕೊಳ್ಳಬೇಕು. ತಲೆ ಹೊಟ್ಟೆಗಿಂತ ಮೇಲಿರಬೇಕು. ತೊಟ್ಟಿನ ತುದಿಯನ್ನಷ್ಟೇ ಅಲ್ಲದೆ ಸುತ್ತಣ ಕಪ್ಪುಭಾಗವನ್ನೂ ಅದರ ಬಾಯಿ ತುಂಬಿಕೊಂಡಿರಬೇಕು. ಹಾಲುಂಡ ಮೇಲೆ ಕೂಸನ್ನು ನೆಟ್ಟಗೆತ್ತಿ, ಅದರ ಗದ್ದ ನಮ್ಮ ಹೆಗಲಿಗೊರಗುವಂತೆ ಹಿಡಿದು, ಒಂದು ಕೈಯಿಂದ ಕತ್ತನ್ನು ಆತು, ಇನ್ನೊಂದು ಕೈಯಿಂದ ಬೆನ್ನನ್ನು ಮೆಲ್ಲನೆ ತಟ್ಟುತ್ತಿದ್ದರೆ ನುಂಗಿದ ಗಾಳಿ ತೇಗಾಗಿ ಹೊರಬೀಳುತ್ತದೆ. ತರುವಾಯವೂ 20-30 ನಿಮಿಷ ಹಾಗೆಯೇ ಎತ್ತಿಕೊಂಡಿರುವುದು ಮೇಲು. ಎಣ್ಣೆನೀರು, ತೊಟ್ಟಿಲು ತೂಗುವುದು ಇವೆಲ್ಲ ಆಮೇಲಿನ ಮಾತು. ನಡುರಾತ್ರಿಯಲ್ಲಿ ಈ ಅರ್ಧಗಂಟೆ ನಿದ್ದೆಗೆಟ್ಟ ತಾಯಿಗೆ ದುರ್ಭರವಾದುದರಿಂದ, ಆಗ ಕೂಸಿಗೆ ಹೆಗಲು ಕೊಡುವುದು ತಂದೆಯ ಕರ್ತವ್ಯವೆಂದೇ ನಾನು ಬಗೆಯುತ್ತೇನೆ.

ಹಿರಿಯರ ರೂಢಿಗಳಲ್ಲಿ ಹೆಗಲ ಮೇಲಿನ ಈ ತಟ್ಟುವಿಕೆ ಸರ್ವಥಾ ಯುಕ್ತವಾದುದು. ಆದರೆ ಅಂಗಾತ ಮಲಗಿಸಿ ಒಳಲೆಯಿಂದ ಹಾಲು ಹೊಯ್ಯುವುದು ಉಸಿರುಗೊಳವೆಗೆ ಹಾಲಿಳಿಯಲು ದಾರಿಮಾಡುವ ಅಪಾಯಕರ ರೂಢಿ. ಕಕ್ಕುವುದು ನಿಲ್ಲಲೆಂದು 6 ತಿಂಗಳಿಗೆ ಮುಂಚೆಯೇ ರಾಗಿಸರಿ ಉಣಿಸಲೂಬಾರದು. ಕಕ್ಕುವ ಕೂಸನ್ನಾದರೂ ನಿದ್ದೆಗೆ ಅಂಗಾತವೇ ಮಲಗಿಸಬೇಕು. ಬೋರಲು ಮಲಗಿಸಿದರೆ ನಿದ್ದೆಯಲ್ಲೇ ಹಠಾತ್ ಮರಣ ಸಂಭವಿಸುವ ಭಯ ಹೆಚ್ಚು.

ತೂಕ ಏರುತ್ತ, ಮೂತ್ರ ಚೆನ್ನಾಗಿ ಹೋಗುತ್ತ, ಕೂಸು ಗೆಲುವಾಗಿದ್ದರೆ ಔಷಧದ ಗೊಡವೆ ಬೇಡ. ಆದರೆ 3ರಿಂದ 6 ವಾರದ ಕೂಸು ಪ್ರತಿಸಲ ಹಾಲುಂಡೊಡನೆ ಚಿಮ್ಮುವಂತೆ ವಾಂತಿ ಮಾಡಿ ಮತ್ತೆ ಹಸಿವೆಂದು ಅಳುತ್ತಿದ್ದರೆ ಜಠರದ ಕೆಳದ್ವಾರವೇ ಸಂಕುಚಿತವಾಗಿರಬಹುದು. ಅದು ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವಂಥದು. ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ಜ್ವರ ಬಂದರೆ, ಮೂತ್ರ ತಗ್ಗಿ ಕೂಸು ಮಂಕಾದರೆ, ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.