ಫೈಬರ್ ದೋಣಿಯೊಳಗಿನ ತೂತಿಗೆ ಸಿಲಿಕೋನ್ ಮೆತ್ತಿದರೆ ಸಾಕೇ?

ಫೈಬರ್ ದೋಣಿ ಕೊಳೆಯುವುದಿಲ್ಲ ಎಂಬುದು ಹಲವರ ನಂಬಿಕೆ. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಇಂಥ ಅನೇಕ ದೋಣಿಗಳ ತಳದೊಳಗೆ ಬಲಕ್ಕೆಂದು ಪ್ಲೈವುಡ್ ಪಟ್ಟಿಗಳನ್ನು ಕೂರಿಸಿ, ಅವುಗಳ ಮೇಲೆ ಫೈಬರ್ ಹೊದಿಸಿರುತ್ತಾರೆ. ಎಂಜಿನ್ ಬಿಗಿಯುವ ಹಿಂಬದಿ ಹಲಗೆಯೂ ಹಾಗೆಯೇ. ಒಳಗೆ ಸೇರಿದ ನೀರು ಪಂಪ್ ಇರುವ ಕಡೆಗೆ ಹರಿಯಲೆಂದು ಪಟ್ಟಿಗಳಲ್ಲಿ ತೂತು ಕೊರೆಯುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಕೊರೆದ ಜಾಗದಲ್ಲಿ ಹೊದಿಕೆ ಹೋಗಿ ಬರಿಯ ಮರ ಕಾಣುತ್ತದೆ. ಮರ ಬದುಕಿದ್ದಾಗ ನೀರು ಸಾಗಿಸುತ್ತಿದ್ದ ಸಣ್ಣ ನಳಿಗೆಗಳ ಬಾಯಿ ಅಲ್ಲಿ ತೆರೆದಿರುತ್ತದೆ. ನೀರು ಸಲೀಸಾಗಿ ಒಳಗೆ ಹೋಗುತ್ತದೆ, ಸುತ್ತ ಫೈಬರ್ ಇರುವುದರಿಂದ ಬೇಗ ಆರುವುದಿಲ್ಲ. ಮರದ ತೇವಾಂಶ ಶೇ 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಅದನ್ನು ಮೀರಿ ಬಹಳ ದಿನ ಒದ್ದೆಯಾಗಿದ್ದರೆ ಮರ ಒಳಗಿಂದಲೇ ಪುಡಿಯಾಗುತ್ತದೆ. ಹೊರಗಿನಿಂದ ದೋಣಿ ಹೊಸದರಂತೆ ಹೊಳೆಯುತ್ತಿರುತ್ತದೆ! ಗೊತ್ತಾಗುವುದು ಎಂಜಿನ್‌ನ ಬೋಲ್ಟ್ ಸಡಿಲವಾದಾಗ, ಅದೂ ನಡುನೀರಿನಲ್ಲಿ.

“ನಾವು ಮರೀನ್ ಪ್ಲೈವುಡ್ ಹಾಕಿಸಿದ್ದೇವೆ” ಎನ್ನುವವರಿದ್ದಾರೆ. ಐಎಸ್ 710 ಗುರುತಿನ ಪ್ಲೈವುಡ್‌ನ ಅಂಟು ಕುದಿಯುವ ನೀರಿಗೂ ಬಿಡುವುದಿಲ್ಲ. ಆದರೆ ಮರ ನೀರು ಹೀರುವುದನ್ನು ಅಂಟು ತಡೆಯದು.

ಹಾಗಾದರೆ ತೂತನ್ನೇ ಮುಚ್ಚಿಬಿಡೋಣವೇ? ಬೇಡ. ನೀರು ಅಲ್ಲಲ್ಲೇ ನಿಂತು ಮರವನ್ನು ಇನ್ನಷ್ಟು ನೆನೆಸುತ್ತದೆ, ದೋಣಿಯ ಭಾರವೂ ಹೆಚ್ಚುತ್ತದೆ. ತೂತಿನ ಅಂಚಿಗೆ ಸಿಲಿಕೋನ್ ಮೆತ್ತುವುದೂ ಪರಿಹಾರವಲ್ಲ. ಅದು ಒದ್ದೆ ಮರಕ್ಕೆ ಸರಿಯಾಗಿ ಹಿಡಿಯದು, ಅದರ ಸಂದಿಯಲ್ಲೇ ನೀರು ನುಸುಳುತ್ತದೆ. ಮುಂದೆ ಅದರ ಮೇಲೆ ಎಪಾಕ್ಸಿಯೂ ಅಂಟುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. 25 ಮಿ.ಮೀ. ತೂತು ಬೇಕಿದ್ದರೆ ಮೊದಲು 35 ಮಿ.ಮೀ. ಕೊರೆಯಬೇಕು. ಮರ ಪೂರ್ತಿ ಒಣಗಿದ ಮೇಲೆ ತೆಳು ಎಪಾಕ್ಸಿ ಹಚ್ಚಿ, ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ತೂತಿನ ತುಂಬ ತುಂಬಬೇಕು. ಅದು ಗಟ್ಟಿಯಾದ ಬಳಿಕ ನಟ್ಟನಡುವೆ 25 ಮಿ.ಮೀ. ಕೊರೆದರೆ ಸುತ್ತಲೂ 5 ಮಿ.ಮೀ. ದಪ್ಪದ ಎಪಾಕ್ಸಿ ಉಂಗುರ ಉಳಿಯುತ್ತದೆ. ನೀರು ಹರಿಯುತ್ತದೆ, ಮರಕ್ಕೆ ತಾಗುವುದಿಲ್ಲ. ಫೈಬರ್ ಕೆಲಸಕ್ಕೆ ತಂದ ಪಾಲಿಯೆಸ್ಟರ್ ರೆಸಿನ್ ಅಗ್ಗವೇನೋ ಹೌದು, ಆದರೆ ಮರಕ್ಕೆ ಎಪಾಕ್ಸಿಯಷ್ಟು ಬಿಗಿಯಾಗಿ ಹಿಡಿಯದು. ಎಪಾಕ್ಸಿ ಚರ್ಮಕ್ಕೆ ತಾಗಿದರೆ ಅಲರ್ಜಿ ಆಗಬಹುದು, ಕೈಗವಸು ಹಾಕಿಕೊಳ್ಳಿ.

ಹಳೆಯ ದೋಣಿಯಾದರೆ ಮೊದಲು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟಣ್ ಎನ್ನದೆ ದಬ್ ಎಂದರೆ ಒಳಗೆ ಮರ ಮೆತ್ತಗಾಗಿರಬಹುದು. ಕೊಳೆತದ್ದನ್ನು ತೆಗೆಯದೆ ಎಪಾಕ್ಸಿ ತುಂಬಿದರೆ ನೀರನ್ನು ಒಳಗೇ ಬಂಧಿಸಿದಂತೆ.

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆಗ ದಡಕ್ಕೆ ಎಳೆದಿಟ್ಟ ದೋಣಿಯ ಮೇಲೆ ಟಾರ್ಪಾಲು ಹೊದಿಸಿಡಿ. ಮರ ಕೊಳೆಸುವ ವಿಷಯದಲ್ಲಿ ಉಪ್ಪುನೀರಿಗಿಂತ ಮಳೆನೀರೇ ಹೆಚ್ಚು ಅಪಾಯಕಾರಿ.