ಏಣಿ ಹತ್ತುವ ಮೊದಲು ಎರಡು ಪಟ್ಟಿ ನೋಡಿ

ಊರಲ್ಲಿ ಅಪ್ಪ-ಅಮ್ಮ, ಬೆಂಗಳೂರಲ್ಲಿ ನಾವು. ನಮಗೆ ಬೇಕಾದ್ದೆಲ್ಲ ಮೊಬೈಲ್‌ನಲ್ಲೇ ಸಿಗುತ್ತೆ. ಹಾಗಾಗಿ ಒಂದು ದಿನ ಟಿ.ವಿ. ಬರದಿದ್ದರೆ ಏನಾಯ್ತು ಮಹಾ ಅನ್ನಿಸಬಹುದು. ಊರಮನೆಯ ಲೆಕ್ಕವೇ ಬೇರೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಗೆ ಟಿ.ವಿ.ಯೇ ಗಡಿಯಾರ. ಚಂದನದಲ್ಲಿ ಸಂಜೆಯ ವಾರ್ತೆ ಮುಗೀತು ಅಂದ್ರೆ ಊಟಕ್ಕೆ ಏಳೋ ಹೊತ್ತು. ಮೊಬೈಲ್ ನೆಟ್‌ವರ್ಕ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗೋ ಊರದು. ಮಳೆ ಹಿಡಿದು ಕೂತ ದಿನಗಳಲ್ಲಿ ಮನೆಯೊಳಗೆ ನಾಲ್ಕು ಮಾತು ಕೇಳಿಸೋದು ಆ ಪೆಟ್ಟಿಗೆಯಿಂದಲೇ.

ಅಂಥ ಮನೆಗಳಿಗೆ ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ದೊಡ್ಡ ಅನುಕೂಲ. ಆದರೆ ಕರೆದ ಕೂಡಲೇ ಓಡಿಬರೋ ಕಂಪನಿ ಹುಡುಗ ಇದಕ್ಕಿಲ್ಲ. ಚಿತ್ರ ಹೋಯ್ತು ಅಂದ್ರೆ ಮನೆಯವರೇ ಏನಾದ್ರೂ ಮಾಡಬೇಕು. ನಮ್ಮಪ್ಪ ಮಾಡೋ ಮೊದಲ ಕೆಲಸ ಏಣಿ ತರೋದು. ಮಲೆನಾಡಿನ ಜೂನ್ ತಿಂಗಳು, ಹಾವಸೆ ಕಟ್ಟಿದ ತಾರಸಿ, ಅರವತ್ತೇಳರ ವಯಸ್ಸು. 'ಸಿಗ್ನಲ್ ಇಲ್ಲ ಕಣೇ ಪುಟ್ಟಿ' ಅಂತ ಅಮ್ಮನ ಫೋನ್ ಬಂದ್ರೆ ನಾನು ಮೊದಲು ಕೇಳೋದೇ, 'ಅಪ್ಪ ಎಲ್ಲಿದಾರೆ?'

ಈ ಲೇಖನ ಬರೀತಿರೋದೂ ಅದಕ್ಕೇ. ಸಿಗ್ನಲ್ ಯಾಕೆ ಹೋಗಿದೆ ಅನ್ನೋದನ್ನ ಬಹಳಷ್ಟು ಸಲ ಕುರ್ಚಿಯಲ್ಲಿ ಕೂತೇ, ಫೋನ್‌ನಲ್ಲೇ ಕಂಡುಹಿಡಿಯಬಹುದು. ತಾರಸಿ ಹತ್ತಬೇಕೋ ಬೇಡವೋ ಅಂತ ಆಮೇಲೆ ನಿರ್ಧರಿಸಿದರಾಯ್ತು.

ಡಿಶ್ ನೋಡ್ತಿರೋದು ಎಲ್ಲಿಗೆ?

ಪ್ರಸಾರ ಭಾರತಿಯ ಈ ಸೇವೆ 2004ರ ಡಿಸೆಂಬರ್‌ನಲ್ಲಿ 'ಡಿಡಿ ಡೈರೆಕ್ಟ್ ಪ್ಲಸ್' ಅನ್ನೋ ಹೆಸರಲ್ಲಿ ಶುರುವಾಯ್ತು. ಈಗ ಇದರ ವಾಹಿನಿಗಳು ಬರೋದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್ 11ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಈ ಉಪಗ್ರಹ, ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಉಡಾವಣೆಯಾದ ಮೇಲೆ ಅದರ ಲಗಾಮು ಹಿಡಿದದ್ದು ನಮ್ಮ ಹಾಸನದಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ.

ಕರ್ನಾಟಕದಲ್ಲಿ ನಿಂತು ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿ ಇರುತ್ತೆ. ಅಂದರೆ ನೆತ್ತಿಗೆ ಸಾಕಷ್ಟು ಹತ್ತಿರ. ಡಿಶ್ ಮಾತ್ರ ಪಕ್ಕದ ಮನೆಯ ಹೆಂಚು ನೋಡ್ತಿರೋ ಹಾಗೆ ಕಾಣುತ್ತೆ. ಮನೆಗಳಲ್ಲಿರೋ ಡಿಶ್‌ಗಳ ಆಕಾರವೇ ಹಾಗೆ: ಮುಖ ತಗ್ಗಿಸಿದ ಹಾಗಿದ್ದರೂ ಅವು ಸಿಗ್ನಲ್ ಹಿಡಿಯೋದು ಇನ್ನೂ ಮೇಲಿನಿಂದ. ಹಾಗಾಗಿ ಮರ ಅಡ್ಡ ಬಂದಿದೆಯಾ ಅಂತ ನೋಡುವಾಗ ಡಿಶ್‌ನ ನೇರಕ್ಕೆ ನೋಡಿದರೆ ಸಾಲದು, ಕತ್ತು ಮೇಲೆತ್ತಬೇಕು. ದೂರದ ಅಡಿಕೆ ತೋಟದಿಂದ ತೊಂದರೆ ಇಲ್ಲ. ಡಿಶ್‌ನ ಹತ್ತಿರವೇ ಬೆಳೆದ ತೆಂಗಿನ ಗರಿಯಿಂದ ತೊಂದರೆ. ಇದನ್ನ ಅಂಗಳದಲ್ಲಿ ನಿಂತೇ ನೋಡಬಹುದು.

ಮೊದಲು ಮೂರು ಪ್ರಶ್ನೆ

ಒಂದು: ರಿಮೋಟ್‌ನಲ್ಲಿ ಮೆನು ಒತ್ತಿದರೆ ಬಾಕ್ಸ್‌ನ ಮೆನು ಕಾಣ್ತಾ ಇದೆಯಾ? ಟಿ.ವಿ. ರಿಮೋಟ್ ಅಲ್ಲ, ಸೆಟ್‌ಟಾಪ್ ಬಾಕ್ಸ್ ರಿಮೋಟ್. ಮೆನು ಕಾಣದಿದ್ದರೆ ಡಿಶ್ ಕಡೆ ಹೋಗೋದೇ ಬೇಡ. ಬಾಕ್ಸ್‌ಗೆ ಕರೆಂಟ್ ಇಲ್ಲ, ಇಲ್ಲವೇ ಎಚ್‌ಡಿಎಂಐ ಅಥವಾ ಎವಿ ವೈರ್ ಸಡಿಲವಾಗಿದೆ, ಅದೂ ಅಲ್ಲದಿದ್ದರೆ ಯಾರೋ ಟಿ.ವಿ. ರಿಮೋಟ್‌ನ ಸೋರ್ಸ್ ಬಟನ್ ಒತ್ತಿದ್ದಾರೆ. ರಜೆಗೆ ಮಕ್ಕಳು ಬಂದು ಹೋದ ಮನೆಗಳಲ್ಲಿ ಇದು ತೀರಾ ಮಾಮೂಲು.

ಎರಡು: ಹೊರಗೆ ಜೋರು ಮಳೆಯಾ? ಈ ಸಿಗ್ನಲ್‌ನ ತರಂಗದ ಉದ್ದ ಮೂರು ಸೆಂಟಿಮೀಟರ್‌ಗಿಂತ ಕಡಿಮೆ. ದಟ್ಟ ಮಳೆ ಅದನ್ನ ಹೀರಿಕೊಳ್ಳುತ್ತೆ, ಚದುರಿಸುತ್ತೆ. ಮಳೆ ಸಣ್ಣಗಾದ ಮೇಲೆ ತಾನಾಗಿ ಬಂದರೆ ಏನೂ ಕೆಟ್ಟಿಲ್ಲ ಅಂತ ಅರ್ಥ. ಅರ್ಧ ಗಂಟೆ ಕಾಯಿರಿ.

ಮೂರು: ಎಲ್ಲ ವಾಹಿನಿಗಳೂ ಹೋಗಿವೆಯಾ, ಒಂದೆರಡು ಮಾತ್ರವಾ? ಒಂದೆರಡು ಮಾತ್ರ ಆದರೆ ತಾರಸಿಗೆ ಹತ್ತೋ ಅವಸರ ಬೇಡ. ಅದರ ವಿಷಯ ಮುಂದೆ ಹೇಳ್ತೀನಿ.

ಸ್ಟ್ರೆಂತ್ ಬೇರೆ, ಕ್ವಾಲಿಟಿ ಬೇರೆ

ಮೆನುವಿನಲ್ಲಿ ಇನ್‌ಸ್ಟಾಲೇಷನ್ ಅಥವಾ ಆಂಟೆನಾ ಸೆಟಪ್ ಅಂತ ಇರುತ್ತೆ. ಅದನ್ನ ತೆರೆದರೆ ಕೆಳಗೆ ಎರಡು ಪಟ್ಟಿ ಕಾಣುತ್ತವೆ. ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಎರಡೂ ಒಂದೇ ಅಂತ ಬಹಳ ಜನ ಅಂದುಕೊಳ್ತಾರೆ. ರೋಗ ಗೊತ್ತಾಗೋದು ಇವುಗಳ ವ್ಯತ್ಯಾಸದಿಂದಲೇ.

ಡಿಶ್‌ನ ಮುಂದೆ ಕೋಲಿಗೆ ಸಿಕ್ಕಿಸಿರೋ ಪುಟ್ಟ ಡಬ್ಬಿ ಎಲ್‌ಎನ್‌ಬಿ. ಅದಕ್ಕೆ ಬೇರೆ ಕರೆಂಟ್ ಇಲ್ಲ. ಸಿಗ್ನಲ್ ತರೋ ಕೇಬಲ್‌ನಲ್ಲೇ ಬಾಕ್ಸ್‌ನಿಂದ 13 ಅಥವಾ 18 ವೋಲ್ಟ್ ಮೇಲೆ ಹೋಗುತ್ತೆ. ಎಲ್‌ಎನ್‌ಬಿ ಜೀವಂತವಾಗಿದ್ದು ಕೇಬಲ್ ಸರಿಯಿದ್ದರೆ, ಡಿಶ್ ಗೋಡೆ ಕಡೆ ತಿರುಗಿದ್ದರೂ ಸ್ಟ್ರೆಂತ್ ಪಟ್ಟಿ ಒಂದಿಷ್ಟು ತೋರಿಸುತ್ತೆ. ನಮ್ಮ ಉಪಗ್ರಹದ ಸಿಗ್ನಲ್ಲೇ ಸರಿಯಾಗಿ ಬರ್ತಿದೆ ಅಂತ ಹೇಳೋದು ಕ್ವಾಲಿಟಿ ಪಟ್ಟಿ.

ಹಾಗಾಗಿ ಲೆಕ್ಕ ಸುಲಭ. ಸ್ಟ್ರೆಂತ್ ಸೊನ್ನೆ ಅಂದರೆ ಕೇಬಲ್, ಕನೆಕ್ಟರ್ ಅಥವಾ ಎಲ್‌ಎನ್‌ಬಿ ಸಮಸ್ಯೆ. ಸ್ಟ್ರೆಂತ್ ಇದೆ, ಕ್ವಾಲಿಟಿ ಸೊನ್ನೆ ಅಂದರೆ ಡಿಶ್ ಜರುಗಿದೆ, ಏನೋ ಅಡ್ಡ ಬಂದಿದೆ, ಇಲ್ಲವೇ ಸೆಟ್ಟಿಂಗ್ ಬದಲಾಗಿದೆ. ಕ್ವಾಲಿಟಿ ಏರಿ ಇಳಿದು ಮಾಡ್ತಿದ್ದರೆ ಗಾಳಿಗೆ ಅಲುಗಾಡುವ ಡಿಶ್, ಎಲೆ, ಅಥವಾ ನೀರು ಹೊಕ್ಕ ಕನೆಕ್ಟರ್. ಎರಡೂ ಚೆನ್ನಾಗಿದ್ದು ವಾಹಿನಿ ಮಾತ್ರ ಇಲ್ಲ ಅಂದರೆ ಮರುಸ್ಕ್ಯಾನ್ ಬೇಕು.

ಕಳೆದ ಮಳೆಗಾಲದಲ್ಲಿ ಹೀಗೇ ಆಯ್ತು. ಎರಡು ದಿನದ ಮಳೆ ನಿಂತರೂ ಚಿತ್ರ ಬರಲಿಲ್ಲ. 'ನೀನು ಅಲ್ಲಿಂದ ಏನು ನೋಡ್ತೀಯ? ಒಂದ್ಸಲ ಹತ್ತಿ ಅಲ್ಲಾಡಿಸಿ ಬರ್ತೀನಿ ಬಿಡು' ಅಂತ ಅಪ್ಪ. 'ಅಪ್ಪಾ, ಐದು ನಿಮಿಷ ಕೂತ್ಕೊಳ್ಳಿ' ಅಂದೆ. ಅಮ್ಮ ಮೆನು ತೆರೆದು ಪರದೆಯ ಫೋಟೊ ತೆಗೆದು, ಅಂಗಳದ ಮೂಲೆಗೆ ಹೋಗಿ ಕಳಿಸಿದಳು. ಸ್ಟ್ರೆಂತ್ ಪೂರ್ತಿ ಸೊನ್ನೆ. ಅಂದರೆ ಡಿಶ್ ಅಲ್ಲಾಡಿಸಿ ಪ್ರಯೋಜನವೇ ಇರಲಿಲ್ಲ. ಚೆನ್ನಾಗಿದ್ದ ದಿಕ್ಕೂ ಕೆಡ್ತಿತ್ತು ಅಷ್ಟೇ. ಬಾಕ್ಸ್‌ನ ಪ್ಲಗ್ ತೆಗೆಸಿ, ಹಿಂದಿನ ಕೇಬಲ್ ಬಿಚ್ಚಿ ನೋಡಿ ಅಂದೆ. ಅದು ಹೊಳೀತಿತ್ತು. ಜಗಲಿಯ ಮೇಲೆ, ಕೈಗೆಟುಕೋ ಎತ್ತರದಲ್ಲಿ ಎರಡು ಕೇಬಲ್ ಕೂಡಿಸಿದ್ದ ಜಾಯಿಂಟ್ ಬಿಚ್ಚಿದಾಗ ಒಳಗಿನ ತಂತಿ ಕಪ್ಪಾಗಿತ್ತು, ಪಕ್ಕದಲ್ಲಿ ಹಸಿರು ಕಿಲುಬು. ಅಪ್ಪ ಒಂದಿಂಚು ಕತ್ತರಿಸಿ, ಹೊಸದಾಗಿ ಸುಲಿದು, ಪೇಟೆಯಿಂದ ತಂದ ಹೊಸ ಕನೆಕ್ಟರ್ ಹಾಕಿ ಟೇಪ್ ಸುತ್ತಿದರು. ಚಿತ್ರ ಬಂತು. ಏಣಿ ಕೊಟ್ಟಿಗೆಯಲ್ಲೇ ಉಳೀತು.

ನೀವೂ ಮಾಡಿಸೋದಾದರೆ ಎರಡು ಎಚ್ಚರ. ಕೇಬಲ್ ಮುಟ್ಟೋ ಮೊದಲು ಬಾಕ್ಸ್‌ನ ಪ್ಲಗ್ ಕೀಳಿಸಿ; ಮೇಲೆ ಹೋಗೋ ವೋಲ್ಟೇಜ್ ಶಾರ್ಟ್ ಆದರೆ ಬಾಕ್ಸೇ ಸುಡಬಹುದು. ಸುಲಿದಾಗ ಹೊರಗಿನ ಜಾಲರಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಕೇಬಲ್ ಮನೆಯೊಳಗೆ ಬರೋ ಜಾಗದಲ್ಲಿ ಸ್ವಲ್ಪ ಜೋಲು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಒಳಗೆ ಹರಿಯೋದಿಲ್ಲ.

ಡಿಶ್ ನಿಜವಾಗಿಯೂ ಜರುಗಿದ್ದರೆ

ಗಾಳಿ, ಮಂಗ, ಡಿಶ್‌ಗೆ ಕಟ್ಟಿದ ಬಟ್ಟೆ ಹಗ್ಗ, ಎಲ್ಲವೂ ಡಿಶ್ ಜರುಗಿಸುತ್ತವೆ. 60 ಸೆಂಟಿಮೀಟರ್ ಡಿಶ್‌ನ ಒಂದು ಅಂಚು ಒಂದೇ ಸೆಂಟಿಮೀಟರ್ ಸರಿದರೂ ದಿಕ್ಕು ಸುಮಾರು ಎರಡು ಡಿಗ್ರಿ ತಪ್ಪುತ್ತೆ. ಚಿತ್ರ ಹೋಗಲು ಅಷ್ಟು ಸಾಕು. ಆದರೆ ದಿಕ್ಕು ಬದಲಿಸೋ ಮೊದಲು ಸೆಟ್ಟಿಂಗ್ ನೋಡಿಬಿಡಿ. ಎಲ್‌ಎನ್‌ಬಿ ಜಾಗದಲ್ಲಿ ಯುನಿವರ್ಸಲ್ ಅಥವಾ 9750/10600 ಇರಬೇಕು. ಬಾಕ್ಸ್ ಹಳೆಯದಾದರೆ ಉಪಗ್ರಹದ ಹೆಸರು ಇನ್‌ಸ್ಯಾಟ್-4ಬಿ ಅಂತ ಇರಬಹುದು. ಎರಡರ ಜಾಗವೂ ಒಂದೇ ಆದ್ದರಿಂದ ಗಾಬರಿ ಬೇಡ.

ಸೆಟ್ಟಿಂಗ್ ಸರಿಯಿದ್ದೂ ಕ್ವಾಲಿಟಿ ಸೊನ್ನೆ ಅಂದರೆ ಮಾತ್ರ ಮೇಲೆ ಹತ್ತೋ ಕೆಲಸ. ಅದನ್ನ ಒಣಗಿದ ದಿನ, ಪ್ರಾಯದವರು, ಇಬ್ಬರಿದ್ದಾಗ ಮಾಡಲಿ. ವಿದ್ಯುತ್ ತಂತಿ ಹತ್ತಿರ ಇದ್ದರೆ ಮನೆಯವರು ಕೈ ಹಾಕೋದೇ ಬೇಡ. ಊರಲ್ಲಿ ಡಿಶ್ ಕೂರಿಸೋ ಹುಡುಗರು ಇದ್ದೇ ಇರ್ತಾರೆ. ಅವರಿಗೆ ಕೊಡೋ ಕೂಲಿ, ಜಾರಿ ಬಿದ್ದ ಸೊಂಟದ ಆಸ್ಪತ್ರೆ ಬಿಲ್ಲಿಗಿಂತ ಯಾವತ್ತೂ ಕಡಿಮೆ. 'ಸ್ಟ್ರೆಂತ್ ಇದೆ, ಕ್ವಾಲಿಟಿ ಇಲ್ಲ' ಅಂತ ಮೊದಲೇ ಹೇಳಿ ಕರೆದರೆ ಸುಮ್ಮನೆ ಬಾಕ್ಸ್ ಬದಲಿಸೋ ಮಾತೂ ಬರೋದಿಲ್ಲ.

ಹಾಗೆಯೇ 'ರೀಚಾರ್ಜ್ ಮುಗಿದಿದೆ, ಈ ನಂಬರಿಗೆ ದುಡ್ಡು ಹಾಕಿ' ಅಂತ ಯಾರಾದರೂ ಫೋನ್ ಮಾಡಿದರೆ ನಂಬಬೇಡಿ ಅಂತ ಮನೆಯಲ್ಲಿ ಹೇಳಿಡಿ. ಫ್ರೀ ಡಿಶ್‌ಗೆ ರೀಚಾರ್ಜ್ ಅನ್ನೋದೇ ಇಲ್ಲ.

ಏನೂ ಕೆಡದೇ ಹೋಗುವುದೂ ಉಂಟು

ಮಾರ್ಚ್ ಮಧ್ಯಭಾಗದಲ್ಲಿ ಮತ್ತು ಅಕ್ಟೋಬರ್ ಆರಂಭದ ಆಸುಪಾಸಿನಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಅವನ ಶಾಖದ ಗದ್ದಲದಲ್ಲಿ ಸಿಗ್ನಲ್ ಮುಳುಗಿಹೋಗುತ್ತೆ. ನಮ್ಮ ಕಡೆ ಇದು ಬೆಳಿಗ್ಗೆ 11ರ ಆಸುಪಾಸು, ಕೆಲವೇ ನಿಮಿಷ. ಬಿಸಿಲಿದ್ದೂ ಚಿತ್ರ ಹೋಯ್ತು ಅಂತ ಡಿಶ್ ತಿರುಗಿಸಿದರೆ ಇಲ್ಲದ ಕಾಯಿಲೆಗೆ ಮದ್ದು ಕೊಟ್ಟ ಹಾಗೆ.

ಇನ್ನು ಒಂದೆರಡು ವಾಹಿನಿ ಮಾತ್ರ ಮಾಯವಾಗೋ ವಿಷಯ. ಖಾಸಗಿ ವಾಹಿನಿಗಳು ಫ್ರೀ ಡಿಶ್‌ನಲ್ಲಿ ಜಾಗ ಪಡೆಯೋದು ಇ-ಹರಾಜಿನಲ್ಲಿ. ಹರಾಜಾದ ಮೇಲೆ ಕೆಲವು ಬರ್ತವೆ, ಕೆಲವು ಹೋಗ್ತವೆ. ಆಟೊ ಸ್ಕ್ಯಾನ್ ಒಮ್ಮೆ ಕೊಟ್ಟರೆ ಹೊಸ ಪಟ್ಟಿ ಸಿಗುತ್ತೆ. ಆಮೇಲೂ ಕೆಲವು ಬರದಿದ್ದರೆ ಅವು ಎಂಪೆಗ್-4 ತಂತ್ರದವು ಇರಬಹುದು. ಹಳೆಯ ಎಂಪೆಗ್-2 ಬಾಕ್ಸ್ ಅವನ್ನ ತೋರಿಸೋದಿಲ್ಲ. ಡಿಶ್ ಎಷ್ಟು ತಿರುಗಿಸಿದರೂ ಅವು ಬರೋದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ

ಟಿ.ವಿ. ಚೆನ್ನಾಗಿ ಬರ್ತಿರುವಾಗಲೇ ಮೂರು ಕೆಲಸ ಮುಗಿಸಿಬಿಡಿ. ಎರಡು ಪಟ್ಟಿ ಇರೋ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಅಂಕಿ ಒಂದೊಂದು ಬಾಕ್ಸ್‌ನಲ್ಲಿ ಒಂದೊಂದು ಥರ, ಹಾಗಾಗಿ ನಿಮ್ಮ ಮನೆಯದು ಎಷ್ಟು ಅಂತ ಗೊತ್ತಿರಬೇಕು. ಡಿಶ್‌ನ ಕ್ಲಾಂಪ್ ಮತ್ತು ಕಂಬ ಸೇರೋ ಕಡೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಜರುಗಿದರೆ ಗೆರೆ ಕೂಡಿಸಿದರೆ ಸಾಕು. ಆ ಮೆನು ತೆರೆಯೋದು ಹೇಗೆ ಅಂತ ಅಮ್ಮನಿಗೋ ಅಪ್ಪನಿಗೋ ಎರಡು ಸಲ ಮಾಡಿಸಿ, ಯಾವ ಬಟನ್ ಆದಮೇಲೆ ಯಾವುದು ಅಂತ ದಪ್ಪ ಅಕ್ಷರದಲ್ಲಿ ಬರೆದು ಬಾಕ್ಸ್ ಪಕ್ಕ ಅಂಟಿಸಿ. ಗುಡುಗು ಬಂದಾಗ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಬಿಚ್ಚಿಡಿ ಅನ್ನೋದನ್ನೂ ಅದರ ಕೆಳಗೇ ಬರೆದುಬಿಡಿ.