ತಿಳಿನೀರನ್ನು ನಂಬಬೇಡಿ

ತೊಟ್ಟಿಯ ನೀರೆಲ್ಲ ಚೆಲ್ಲಿ, ಗಾಜು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹೊಸ ನೀರು ತುಂಬಿಸಿದ ಮೂರ್ನಾಲ್ಕು ದಿನಕ್ಕೇ ಮೀನುಗಳು ಮೇಲೆ ಬಂದು ಬಾಯಿ ಬಿಡುವುದೇಕೆ? ಚಳ್ಳಕೆರೆ, ಮೊಳಕಾಲ್ಮೂರಿನಂಥ ಬಿಸಿಲು ಸೀಮೆಯಲ್ಲಿ ಅಕ್ವೇರಿಯಂ ಇಟ್ಟವರು ಕೇಳಲೇಬೇಕಾದ ಪ್ರಶ್ನೆ ಇದು. ಕಾಯಿಲೆ, ಕೆಟ್ಟ ತಳಿ ಎಂದು ಮೀನಿನ ಮೇಲೆ ತಪ್ಪು ಹೊರಿಸುವ ಮೊದಲು ಆ ತೊಳೆಯುವ ಕೆಲಸವನ್ನೇ ಅನುಮಾನಿಸಬೇಕು. ಮೀನಿನ ಕಿವಿರುಗಳಿಂದ ಹೊರಬರುವ, ಮಿಕ್ಕ ಆಹಾರ ಕೊಳೆತಾಗಲೂ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದು. ಅದನ್ನು ಅರಗಿಸಬೇಕಾದ ಬ್ಯಾಕ್ಟೀರಿಯಾಗಳು ಸ್ಪಂಜಿನ ಕೊಳೆಯ ಜೊತೆ ತೊಳೆದುಹೋಗಿರುತ್ತವೆ.

ಇದಕ್ಕೆ ಪುರಾವೆ 1877ರಷ್ಟು ಹಳೆಯದು. ಫ್ರಾನ್ಸಿನ ವಿಜ್ಞಾನಿಗಳಾದ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯೊಳಗೆ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು ಇಪ್ಪತ್ತು ದಿನ ಅಮೋನಿಯಾ ಹಾಗೆಯೇ ಹೊರಬಂತು. ಆಮೇಲೆ ಅದು ಮಾಯವಾಗಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಹಾಯಿಸಿದಾಗ ಕೆಲಸ ನಿಂತಿತು, ಒಂದಿಷ್ಟು ಮಣ್ಣು ಕದಡಿದ ನೀರು ಸೇರಿಸಿದ ಮೇಲೆ ಮತ್ತೆ ಶುರುವಾಯಿತು. ಅಂದರೆ ಕೆಲಸ ಮರಳಿನದಲ್ಲ, ಜೀವಿಗಳದು. 1890ರ ಸುಮಾರಿಗೆ ಸೂಕ್ಷ್ಮಜೀವಿ ವಿಜ್ಞಾನಿ ವಿನೋಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದರು. ಶೇಂಗಾ ಹೊಲದ ಮಣ್ಣಿನಲ್ಲಿ ಅಮೋನಿಯಂ ಗೊಬ್ಬರವನ್ನು ನೈಟ್ರೇಟ್ ಮಾಡುವವೂ ಇದೇ ಬಳಗದವು. ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕಾರು ವಾರ ಬೇಕೆನ್ನುವುದು ಸುಮ್ಮನೆ ಹೇಳುವ ಮಾತಲ್ಲ. ನಿಧಾನವಾಗಿ ಬೆಳೆಯುವುದು ಇವುಗಳ ಜಾಯಮಾನ.

ಬಯಲುಸೀಮೆಯಲ್ಲಿ ಈ ಬ್ಯಾಕ್ಟೀರಿಯಾಗಳನ್ನು ತೊಳೆದು ಚೆಲ್ಲುವ ತಪ್ಪಿಗೆ ಬೆಲೆ ಹೆಚ್ಚು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ: ಅಷ್ಟೇನೂ ಕೇಡು ಮಾಡದ ಅಮೋನಿಯಂ, ಕಿವಿರಿನೊಳಗೆ ನುಗ್ಗುವ ಅಮೋನಿಯಾ. ನೀರು 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಪಿಎಚ್ 7ರಲ್ಲಿ ಈ ವಿಷರೂಪದ ಪಾಲು ಶೇ. 1ಕ್ಕಿಂತ ಕಡಿಮೆ, 8ರಲ್ಲಿ ಶೇ. 7ರಿಂದ 8, 8.5ರಲ್ಲಿ ಶೇ. 20. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಗಡಸು ಬೋರ್‌ವೆಲ್ ನೀರಿಗೆ ತೊಟ್ಟಿಯಲ್ಲಿ ಗಾಳಿಯಾಡಿದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ 8 ದಾಟುವುದು ಸಾಮಾನ್ಯ. ಹಾಗೆಂದು ಆ ನೀರೇ ಕೆಟ್ಟದ್ದೆನ್ನುವುದನ್ನು ಒಪ್ಪಲಾರೆ. ಅಮೋನಿಯಾ ಅರಗುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳುವುದು ಗಡಸು ನೀರಿನ ಬೈಕಾರ್ಬೊನೇಟೇ. ಶ್ಲೋಸಿಂಗರ ಕೊಳವೆಯಲ್ಲಿ ಸುಣ್ಣಕಲ್ಲು ಮಾಡಿದ್ದೂ ಅದನ್ನೇ. ಬ್ಯಾಕ್ಟೀರಿಯಾ ಉಳಿದಿದ್ದರೆ ಗಡಸು ನೀರು ಅವಕ್ಕೆ ಅನುಕೂಲವೇ.

ಹಾಗಾದರೆ ನೀರು ಬದಲಿಸಲೇಬಾರದೇ ಎಂದು ಕೇಳಬಹುದು. ಬದಲಿಸಲೇಬೇಕು, ಕೊನೆಗೆ ಉಳಿಯುವ ನೈಟ್ರೇಟ್ ಹೊರಹೋಗಲು ಅದೇ ಸುಲಭದ ದಾರಿ. ಆದರೆ ವಾರಕ್ಕೊಮ್ಮೆ ಕಾಲುಭಾಗ ಸಾಕು. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಿ. ಮೀನು ಬಾಯಿ ಬಿಡುತ್ತಿದ್ದರೆ ಮೊದಲು ಆಹಾರ ನಿಲ್ಲಿಸಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಗುರವಾಗಿ ಹಿಂಡಿ ವಾಪಸು ಇಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ.